ಲ್ಯಾಬ್ ಎಕ್ಸಾಮ್ ಪಾಸಾದವರು ಮೊದಲ ಕೆಲಸದಲ್ಲಿ ಯಾಕೆ ತಡವರಿಸುತ್ತಾರೆ?

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ಸಾಕು, ಪ್ರತಿ ವರ್ಷ ಅದೇ ವಾದ. ಕಂಪನಿಯವರು ‘ಕಾಲೇಜಿನಿಂದ ಬರೋ ಮಕ್ಕಳಿಗೆ ಏನೂ ಬರಲ್ಲ’ ಅಂತಾರೆ. ಮೇಷ್ಟ್ರುಗಳು ‘ನಾವು ಕಲಿಸೋದು ಕಂಪ್ಯೂಟರ್ ಸೈನ್ಸ್, ನಿಮ್ಮ ಕಂಪನಿಯ ಟೂಲ್‌ಗಳನ್ನಲ್ಲ’ ಅಂತಾರೆ. ಮಧ್ಯದಲ್ಲಿ ಸಿಕ್ಕಿಕೊಳ್ಳುವವರು ಮಕ್ಕಳು. ನಾಲ್ಕು ವರ್ಷ ಫೀಸು ಕಟ್ಟಿ ಬಿಇ ಮುಗಿಸಿದವರು ಬೆಂಗಳೂರಿನ ಯಾವುದೋ ಪಿಜಿಯಲ್ಲಿ ರೂಮು ಹಿಡಿದು, ಮತ್ತೆ ದುಡ್ಡು ಕೊಟ್ಟು ‘ಜಾವಾ ಫುಲ್ ಸ್ಟ್ಯಾಕ್’ ಕೋರ್ಸಿಗೆ ಹೋಗುತ್ತಾರೆ. ಊರಲ್ಲಿ ಅಪ್ಪ ಅಮ್ಮನಿಗೆ ಇದು ಅರ್ಥವಾಗುವುದಿಲ್ಲ. ಎಂಜಿನಿಯರಿಂಗ್ ಓದಿದ ಮೇಲೂ ಇನ್ನೊಂದು ಕೋರ್ಸ್ ಯಾಕೆ ಅಂತ ಅವರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ.

ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಹೊಸಬರನ್ನು ಇಂಟರ್‌ವ್ಯೂ ಮಾಡುತ್ತೇನೆ, ತಂಡಕ್ಕೆ ಸೇರಿದ ಮೇಲೆ ಅವರ ಜೊತೆ ಕೂತು ಕೆಲಸ ಮಾಡುತ್ತೇನೆ. ನನಗೆ ಕಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಲಬಸ್ ಹಳೆಯದು ಅನ್ನೋದು ದೊಡ್ಡ ಸಮಸ್ಯೆಯೇ ಅಲ್ಲ. ಮೇಷ್ಟ್ರಿಗೆ ಪಾಠ ಮಾಡೋಕೆ ಬರಲ್ಲ ಅನ್ನುವುದಂತೂ ಬಹುಪಾಲು ಸುಳ್ಳು. ನಿಜವಾದ ತೊಡಕು ಇರುವುದು ಪರೀಕ್ಷೆಯಲ್ಲಿ. ಒಬ್ಬನೇ ಕೂತು, ನೆನಪಿನಿಂದ, ಸೊನ್ನೆಯಿಂದ ಒಂದು ಪ್ರೋಗ್ರಾಂ ಬರೆದು, ಔಟ್‌ಪುಟ್ ತೋರಿಸಿ ಎದ್ದು ಬರುವುದಕ್ಕೆ ನಾವು ಅಂಕ ಕೊಡುತ್ತೇವೆ. ಕೆಲಸದಲ್ಲಿ ಆ ರೀತಿಯ ಸಂದರ್ಭ ಹೆಚ್ಚುಕಡಿಮೆ ಬರುವುದೇ ಇಲ್ಲ.

ಒಂದು ಸಾಲಿನ ರಿಪೇರಿ

ಕೆಲಸ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಆನ್‌ಲೈನಿನಲ್ಲಿ ಸಾಮಾನು ಮಾರುವ ಒಂದು ಕಂಪನಿ ಅಂದುಕೊಳ್ಳಿ. ಹೊಸದಾಗಿ ಸೇರಿದ ಹುಡುಗಿಗೆ ಒಂದು ಟಿಕೆಟ್, ಅಂದರೆ ಸರಿಮಾಡಬೇಕಾದ ದೂರು, ಬಂತು. ಗ್ರಾಹಕರೊಬ್ಬರ ದೂರು ಇಷ್ಟೇ: ‘ನಾನು 12ನೇ ತಾರೀಕು ಆರ್ಡರ್ ಮಾಡಿದ್ದೆ, ಬಿಲ್ಲಿನಲ್ಲಿ 11 ಅಂತ ಇದೆ.’

ಅವಳು ತಾನೇ ಒಂದು ಆರ್ಡರ್ ಮಾಡಿ ನೋಡಿದಳು. ತಾರೀಕು ಸರಿಯಾಗಿಯೇ ಬಂತು. ಇನ್ನೊಂದು ಮಾಡಿದಳು, ಅದೂ ಸರಿ. ಇಡೀ ದಿನ ಹೀಗೇ ಹೋಯಿತು. ಆಮೇಲೆ ಇಂಥದ್ದೇ ದೂರು ಬಂದಿದ್ದ ಬೇರೆ ಆರ್ಡರ್‌ಗಳ ಸಮಯವನ್ನೂ ನೋಡಿದರೆ ಎಲ್ಲವೂ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯ ಒಳಗಿನವು. ಅಲ್ಲಿಗೆ ಗುಟ್ಟು ಬಿಚ್ಚಿಕೊಂಡಿತು. ಸರ್ವರ್‌ನಲ್ಲಿ ಸಮಯವನ್ನು ಯುಟಿಸಿ ಎಂಬ ಜಾಗತಿಕ ಗಡಿಯಾರದ ಪ್ರಕಾರ ಇಡುತ್ತಾರೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ 12ರ ಬೆಳಗಿನ ಜಾವ 2 ಗಂಟೆ ಆಗಿದ್ದಾಗ ಅಲ್ಲಿ ಇನ್ನೂ 11ರ ರಾತ್ರಿ 8.30. ಬಿಲ್ ತಯಾರಿಸುವ ಕೋಡ್ ಬರೆದವರು ಆ ಸಮಯವನ್ನು ಭಾರತದ ಸಮಯಕ್ಕೆ ಬದಲಿಸದೆ ನೇರವಾಗಿ ತಾರೀಕು ತೆಗೆದುಕೊಂಡಿದ್ದರು.

ರಿಪೇರಿ ಒಂದೇ ಸಾಲು. ಆದರೆ ಆ ಸಾಲು ಲಕ್ಷಾಂತರ ಸಾಲುಗಳ ನಡುವೆ ಎಲ್ಲಿದೆ ಅಂತ ಹುಡುಕಬೇಕು. ಯಾರು ಬರೆದರು, ಯಾಕೆ ಹಾಗೆ ಬರೆದರು ಅಂತ ಹಳೆಯ ಕಮಿಟ್‌ಗಳನ್ನು, ಅಂದರೆ ಕೋಡ್ ಬದಲಾವಣೆಯ ದಾಖಲೆಗಳನ್ನು, ಓದಬೇಕು. ಇದೇ ತಪ್ಪು ತಾರೀಕನ್ನು ನಂಬಿಕೊಂಡು ಬೇರೆ ಯಾವ ಕೋಡ್ ಓಡುತ್ತಿದೆ ಅಂತ ನೋಡಬೇಕು. ಇಲ್ಲಿ ಒಂದು ಅಪಾಯ ಇದೆ. 1ನೇ ತಾರೀಕು ಬೆಳಗಿನ ಜಾವ ಬಂದ ಆರ್ಡರ್ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರಿದ್ದರೆ, ಜಿಎಸ್‌ಟಿ ಲೆಕ್ಕವೂ ಹಾಗೇ ಹೋಗಿರುತ್ತದೆ. ಈಗ ಸುಮ್ನೆ ಸರಿಮಾಡಿದರೆ ಹಳೆಯ ರಿಪೋರ್ಟಿಗೂ ಹೊಸದಕ್ಕೂ ತಾಳೆ ಆಗುವುದಿಲ್ಲ. ಅಂದರೆ ಅಕೌಂಟ್ಸ್‌ನವರನ್ನು ಕೇಳಬೇಕು. ಆಮೇಲೆ ಮುಂದೆ ಯಾರೂ ಇದನ್ನು ಮತ್ತೆ ಕೆಡಿಸದ ಹಾಗೆ, ಕೋಡನ್ನು ತಾನಾಗಿಯೇ ತಪಾಸಣೆ ಮಾಡುವ ಒಂದು ಟೆಸ್ಟ್ ಬರೆಯಬೇಕು. ರಿವ್ಯೂಗೆ ಕಳಿಸಿದರೆ ಸೀನಿಯರ್ ಒಬ್ಬರು ‘ಇದಕ್ಕೆ ಆಗಲೇ ಒಂದು ಫಂಕ್ಷನ್ ಇದೆ ಕಣಮ್ಮ, ಅದನ್ನೇ ಬಳಸು’ ಅಂತ ವಾಪಸ್ ಕಳಿಸುತ್ತಾರೆ. ಇಷ್ಟೆಲ್ಲಾ ಆಗುವಷ್ಟರಲ್ಲಿ ವಾರ ಕಳೆದಿರುತ್ತದೆ.

ಆ ಹುಡುಗಿ ದಡ್ಡಿಯಲ್ಲ. ಲಿಂಕ್ಡ್ ಲಿಸ್ಟ್ ಗೊತ್ತು, ಎಸ್‌ಕ್ಯುಎಲ್ ಗೊತ್ತು. ನಾಲ್ಕು ವರ್ಷದಲ್ಲಿ ಅವಳು ಮಾಡದೇ ಇದ್ದದ್ದು ಒಂದೇ, ಬೇರೆಯವರು ಬರೆದ ದೊಡ್ಡ ಕೋಡ್ ಒಳಗೆ ಹೊಕ್ಕು, ಅದು ಓಡುತ್ತಿರುವಾಗಲೇ, ಒಂದು ಚಿಕ್ಕ ಜಾಗ ಬದಲಿಸುವುದು. ಸಂಸಾರ ನಡೆಯುತ್ತಿರುವ ಮನೆಯಲ್ಲಿ ಪೈಪ್ ರಿಪೇರಿ ಮಾಡುವ ಹಾಗೆ ಅದು. ಖಾಲಿ ಸೈಟಿನಲ್ಲಿ ಮನೆ ಕಟ್ಟಿದ ಅನುಭವ ಅಲ್ಲಿ ಸ್ವಲ್ಪವೇ ಸಹಾಯಕ್ಕೆ ಬರುತ್ತದೆ.

ಇದನ್ನು ಅಧ್ಯಯನ ಮಾಡಿದವರೂ ಇದ್ದಾರೆ. ಆಂಡ್ರ್ಯೂ ಬೆಗೆಲ್ ಮತ್ತು ಬೆತ್ ಸೈಮನ್ ಎಂಬ ಸಂಶೋಧಕರು ಮೈಕ್ರೋಸಾಫ್ಟ್‌ಗೆ ಹೊಸದಾಗಿ ಸೇರಿದ 8 ಮಂದಿಯ ಪಕ್ಕದಲ್ಲೇ ಕೂತು, ಅವರು ದಿನವಿಡೀ ಏನು ಮಾಡುತ್ತಾರೆ ಅಂತ ಗಮನಿಸಿ 2008ರಲ್ಲಿ ಬರೆದರು. ಆ ಹುಡುಗರಿಗೆ ಪ್ರೋಗ್ರಾಂ ಬರೆಯುವುದು ಅಂಥ ಕಷ್ಟ ಆಗಿರಲಿಲ್ಲ. ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ದೊಡ್ಡ ಕೋಡಿನಲ್ಲಿ ದಾರಿ ಹುಡುಕುವುದು ಹೇಗೆ, ಇಲ್ಲೇ ಅವರು ಒದ್ದಾಡುತ್ತಿದ್ದರು. ಅದು ಅಮೆರಿಕದ ಕಂಪನಿ. ಅಂದರೆ ಈ ಕಂದಕ ನಮ್ಮಲ್ಲಿ ಮಾತ್ರ ಇರುವುದಲ್ಲ.

ಚೀಟಿ ಎತ್ತುವ ಪರೀಕ್ಷೆ

ಈಗ ನಮ್ಮ ಕಾಲೇಜಿಗೆ ಬರೋಣ. ಕರ್ನಾಟಕದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 1998ರಲ್ಲಿ ಶುರುವಾದ ಈ ವಿಟಿಯು ಆಗಾಗ ಹೊಸ ‘ಸ್ಕೀಮ್’, ಅಂದರೆ ಹೊಸ ಪಠ್ಯಕ್ರಮ, ತರುತ್ತದೆ. 2015, 2017, 2018, 2021, 2022, ಹೀಗೆ. ಹುಡುಗರ ಬಾಯಲ್ಲಿ ‘ನೀನು ಯಾವ ಸ್ಕೀಮ್’ ಅನ್ನುವುದು ‘ಯಾವ ಊರು’ ಎಂದು ಕೇಳಿದಷ್ಟೇ ಸಹಜ. ಸಿಲಬಸ್ ಬದಲಾಗುವುದೇ ಇಲ್ಲ ಅನ್ನುವುದು ಹಾಗಾಗಿ ತಪ್ಪು.

ಬದಲಾಗದೆ ಉಳಿದಿರುವುದು ಲ್ಯಾಬ್ ಎಕ್ಸಾಮಿನ ರೂಪ. ಸಿಲಬಸ್ ಪುಸ್ತಕದಲ್ಲೇ ಹತ್ತು ಹನ್ನೆರಡು ಪ್ರೋಗ್ರಾಂಗಳ ಪಟ್ಟಿ ಇರುತ್ತದೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಅಂದರೆ ‘ಮೆನು ಡ್ರಿವನ್ ಪ್ರೋಗ್ರಾಂ ಬರೆಯಿರಿ’ ಎಂಬ ಸಾಲು ಕಣ್ಣಿಗೆ ಕಟ್ಟುತ್ತದೆ. 2018ರ ಸ್ಕೀಮಿನ ಡೇಟಾಬೇಸ್ ಲ್ಯಾಬಿನಲ್ಲಿ ಲೈಬ್ರರಿ, ಆರ್ಡರ್, ಮೂವಿ, ಕಾಲೇಜ್, ಕಂಪನಿ ಅಂತ ಐದು ಡೇಟಾಬೇಸ್‌ಗಳು. ಎಕ್ಸಾಮ್ ದಿನ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಂ ಅನ್ನು ಮೊದಲು ಹಾಳೆ ಮೇಲೆ ಬರೆಯಬೇಕು. ಆಮೇಲೆ ಟೈಪ್ ಮಾಡಿ ಔಟ್‌ಪುಟ್ ತೋರಿಸಬೇಕು. ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬಂದು ಬಾಯಿಮಾತಿನ ಪ್ರಶ್ನೆ, ವೈವಾ, ಕೇಳುತ್ತಾರೆ. ಬಂದ ಪ್ರೋಗ್ರಾಂ ಬರದಿದ್ದರೆ ಒಂದು ಸಲ ಬದಲಿಸಿಕೊಳ್ಳಬಹುದು, ಆದರೆ ಹಾಳೆ ಮೇಲೆ ಬರೆಯುವ ಪ್ರೊಸೀಜರ್ ಭಾಗದ ಅಂಕ ಸೊನ್ನೆ.

ಇಂಥ ಪರೀಕ್ಷೆಗೆ ಬುದ್ಧಿವಂತ ವಿದ್ಯಾರ್ಥಿ ಹೇಗೆ ತಯಾರಾಗುತ್ತಾನೆ? ಪಟ್ಟಿ ಗೊತ್ತಿದೆ, ಉತ್ತರಗಳು ನೆಟ್ಟಿನಲ್ಲಿ ಸಿಗುತ್ತವೆ, ಲ್ಯಾಬ್ ಮ್ಯಾನ್ಯುಯಲ್ ಕೈಯಲ್ಲಿದೆ. ಬಾಯಿಪಾಠ ಮಾಡುವುದೇ ಸುಲಭದ ದಾರಿ. ಅದಕ್ಕೆ ಅವನನ್ನು ಬೈಯುವುದು ಸರಿಯಲ್ಲ. ಯಾವುದಕ್ಕೆ ಅಂಕವೋ ಅದನ್ನೇ ಮಕ್ಕಳು ಕಲಿಯುತ್ತಾರೆ. ರೆಕಾರ್ಡ್ ಬುಕ್ಕಿನಲ್ಲಿ ಅದೇ ಕೋಡನ್ನು ಕೈಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವ ಗಂಟೆಗಳನ್ನು ಲೆಕ್ಕ ಹಾಕಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಹೊಸ ವಿಷಯ ತಂದರೂ ಈ ಅಚ್ಚಿನೊಳಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಗಿಟ್. ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಈ ಸಾಧನವನ್ನು ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದರು. ಇವತ್ತು ಗಿಟ್ ಇಲ್ಲದ ಕಂಪನಿ ಹುಡುಕುವುದು ಕಷ್ಟ. ವಿಟಿಯುನ 2022ರ ಸ್ಕೀಮಿನಲ್ಲಿ ಇದಕ್ಕೇ ಒಂದು ಪುಟ್ಟ ಕೋರ್ಸ್ ಬಂತು, ಮೂರನೇ ಸೆಮಿಸ್ಟರಿನಲ್ಲಿ. ಬಂದಿದ್ದು ನಿಜವಾಗಿಯೂ ಒಳ್ಳೆಯದು. ಆದರೆ ಅದೂ ಪ್ರಯೋಗಗಳ ಪಟ್ಟಿಯಾಗಿಯೇ ಬಂತು. ರೆಪಾಸಿಟರಿ (ಕೋಡ್ ಇಡುವ ಜಾಗ) ಶುರುಮಾಡಿ ಒಂದು ಕಮಿಟ್ ಮಾಡಿ. ಹೊಸ ಬ್ರಾಂಚ್ (ಕೋಡಿನ ಬೇರೆ ಕವಲು) ಮಾಡಿ, ಮಾಸ್ಟರ್ ಎಂಬ ಮುಖ್ಯ ಕವಲಿಗೆ ಮರ್ಜ್ ಮಾಡಿ, ಅಂದರೆ ಸೇರಿಸಿ. ಸ್ಟ್ಯಾಶ್ ಮಾಡುವ, ಅಂದರೆ ಅರೆಬರೆ ಬದಲಾವಣೆ ಪಕ್ಕಕ್ಕಿಡುವ, ಕಮಾಂಡ್ ಬರೆಯಿರಿ.

ಒಬ್ಬನೇ ಕೂತು ಹೀಗೆ ಮರ್ಜ್ ಮಾಡಿದರೆ ಸಾಮಾನ್ಯವಾಗಿ ಜಗಳವೇ ಬರುವುದಿಲ್ಲ. ಗಿಟ್ ಅರ್ಥವಾಗುವುದು ಇಬ್ಬರು ಒಂದೇ ಫೈಲಿನ ಒಂದೇ ಸಾಲನ್ನು ಬೇರೆ ಬೇರೆ ರೀತಿ ಬದಲಿಸಿದಾಗ. ಆಗ ಪರದೆ ಮೇಲೆ ‘ಕಾನ್‌ಫ್ಲಿಕ್ಟ್’ ಅಂತ ಬರುತ್ತದೆ. ಯಾರದ್ದು ಉಳಿಸಬೇಕು ಅಂತ ಗಿಟ್ ಹೇಳುವುದಿಲ್ಲ. ಇಬ್ಬರೂ ಮಾತಾಡಿಕೊಂಡು ತೀರ್ಮಾನಿಸಬೇಕು. ಆ ಅರ್ಧ ಗಂಟೆಯ ಮಾತುಕತೆಯೇ ಗಿಟ್ ಪಾಠ. ಕಮಾಂಡ್ ಮರೆತರೆ ಹುಡುಕಿಕೊಳ್ಳಬಹುದು.

ಹಾಗಾದರೆ ಥಿಯರಿ ದಂಡವೇ?

ಖಂಡಿತ ಅಲ್ಲ. ಇಲ್ಲಿ ನಾನು ಮೇಷ್ಟ್ರುಗಳ ಕಡೆ. ‘ರಿಯಾಕ್ಟ್ ಕಲಿಸಿ, ಕ್ಲೌಡ್ ಕಲಿಸಿ, ಈ ಆಪರೇಟಿಂಗ್ ಸಿಸ್ಟಮ್ ಯಾಕೆ’ ಅನ್ನುವವರ ಮಾತು ಕೇಳಿ ಕಾಲೇಜು ಕುಣಿದರೆ ಮಕ್ಕಳಿಗೆ ನಷ್ಟ ಜಾಸ್ತಿ. 2018ರಲ್ಲಿ ಸೇರಿದ ಹುಡುಗನನ್ನು ನೆನೆಸಿಕೊಳ್ಳಿ. ಆಗ ಬಹಳ ಕಂಪನಿಗಳಲ್ಲಿ ವೆಬ್ ಪುಟ ಕಟ್ಟುವ ಗೂಗಲ್ ಟೂಲ್ ಆಂಗ್ಯುಲರ್‌ಜೆಎಸ್ ಓಡುತ್ತಿತ್ತು. ಅದನ್ನೇ ಸಿಲಬಸ್ಸಿಗೆ ಹಾಕಿದ್ದರೆ ಏನಾಗುತ್ತಿತ್ತು? ಗೂಗಲ್ ಅದರ ಬೆಂಬಲವನ್ನು 2021ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಆ ಹುಡುಗ 2022ರಲ್ಲಿ ಡಿಗ್ರಿ ಹಿಡಿದು ಹೊರಬರುವಷ್ಟರಲ್ಲಿ ಕಲಿತ ಟೂಲ್ ಆಗಲೇ ನಿವೃತ್ತ.

ಅದೇ ಡೇಟಾಬೇಸ್ ಪಾಠ ನೋಡಿ. ಕೋಷ್ಟಕಗಳ ಮೂಲಕ ಮಾಹಿತಿ ಇಡುವ ರಿಲೇಷನಲ್ ಮಾದರಿಯನ್ನು ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಬೇಗ ಹುಡುಕಲು ಮಾಹಿತಿಯನ್ನು ಮರದ ಹಾಗೆ ಜೋಡಿಸುವ ಬಿ-ಟ್ರೀ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಐವತ್ತು ವರ್ಷ ದಾಟಿದೆ. ಇವತ್ತೂ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹತ್ತು ಲಕ್ಷ ಸಾಲುಗಳ ಟೇಬಲಿನಲ್ಲಿ ತೆವಳುತ್ತಿದ್ದರೆ, ಇಂಡೆಕ್ಸ್ ಅಂದರೇನು, ಅದು ಒಳಗೆ ಮರದ ಹಾಗೆ ಹೇಗೆ ಕವಲೊಡೆಯುತ್ತದೆ ಅಂತ ಗೊತ್ತಿದ್ದವರು ಅದನ್ನು ಬೇಗ ಸರಿಮಾಡುತ್ತಾರೆ. ಗೊತ್ತಿಲ್ಲದವರು ದೊಡ್ಡ ಸರ್ವರ್ ಕೊಳ್ಳೋಣ ಅನ್ನುತ್ತಾರೆ. ಸೀಟ್ ಬುಕಿಂಗ್‌ನಲ್ಲಿ ಒಂದೇ ಸೀಟು ಇಬ್ಬರಿಗೆ ಹೋದರೆ, ಟ್ರಾನ್ಸ್ಯಾಕ್ಷನ್ ಮತ್ತು ಲಾಕ್ ಪಾಠ ಓದಿದವರೇ ಬೇಕು. ಇದನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೆ ಕೂತು ಕಲಿಯಲು ಸಮಯ ಸಿಗುವುದಿಲ್ಲ. ಕಾಲೇಜಿನಲ್ಲೇ ಕಲಿಯಬೇಕು.

ಆದರೆ ‘ಬೇಸಿಕ್ಸ್ ಗಟ್ಟಿ ಇದೆ, ಟೂಲ್ ಮಾತ್ರ ಬರಲ್ಲ’ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಭಾರತ, ಚೀನಾ, ರಷ್ಯಾ, ಅಮೆರಿಕದ ಕೊನೆಯ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಒಂದೇ ಪರೀಕ್ಷೆ ಕೊಟ್ಟ ಅಧ್ಯಯನ 2019ರಲ್ಲಿ ಬಂತು. ಅದು ಅಳೆದದ್ದು ಟೂಲ್‌ಗಳನ್ನಲ್ಲ, ಮೂಲ ವಿಷಯಗಳನ್ನೇ. ಅಮೆರಿಕದವರು ಸಾಕಷ್ಟು ಮುಂದಿದ್ದರು, ಉಳಿದ ಮೂರು ದೇಶದವರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಬಿ-ಟ್ರೀ ಬಗ್ಗೆ ಹತ್ತು ಅಂಕದ ಉತ್ತರ ಬರೆದವರಿಗೆ, ಅದನ್ನು ಎಲ್ಲಿ ಬಳಸಬೇಕು ಅಂತ ಹೊಳೆಯದೇ ಹೋದರೆ, ಅದು ಬೇಸಿಕ್ಸ್ ಗಟ್ಟಿಯಾದ ಲಕ್ಷಣವಲ್ಲ.

ಇನ್ನೊಂದು ಸುದ್ದಿ ನಿಮಗೆ ನೆನಪಿರಬಹುದು. 2017ರಲ್ಲಿ ಆಸ್ಪೈರಿಂಗ್ ಮೈಂಡ್ಸ್ ಎಂಬ ಸಂಸ್ಥೆ 500ಕ್ಕೂ ಹೆಚ್ಚು ಕಾಲೇಜುಗಳ 36,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, 4.77% ಮಂದಿ ಮಾತ್ರ ಸರಿಯಾದ ಲಾಜಿಕ್ ಬರೆಯಬಲ್ಲರು ಅಂದಿತು. ‘ಶೇ 95 ಎಂಜಿನಿಯರ್‌ಗಳು ಪ್ರಯೋಜನಕ್ಕಿಲ್ಲ’ ಅಂತ ಪೇಪರ್‌ಗಳು ಬರೆದವು. ಈ ಅಂಕಿಯನ್ನು ಹುಷಾರಾಗಿ ಓದಬೇಕು. ಆ ಸಂಸ್ಥೆಯ ವ್ಯಾಪಾರವೇ ಇಂಥ ಪರೀಕ್ಷೆ ನಡೆಸುವುದು. ಅಳೆದದ್ದು ಒಬ್ಬೊಬ್ಬರೇ ಕೂತು ಸೊನ್ನೆಯಿಂದ ಕೋಡ್ ಬರೆಯುವುದನ್ನು. ಆದರೂ ನನ್ನನ್ನು ಕಾಡುವುದು ಬೇರೆ. ಸೊನ್ನೆಯಿಂದ ಬರೆಯುವುದು ನಮ್ಮ ಕಾಲೇಜುಗಳು ಅಂಕ ಕೊಡುವ ಒಂದೇ ಕೌಶಲ. ಅದರಲ್ಲೂ ಹೀಗಾದರೆ, ಬಾಯಿಪಾಠದಿಂದ ಅದೂ ಬಂದಿಲ್ಲ ಎಂದೇ ಅರ್ಥ.

ಮೇಷ್ಟ್ರ ದಿನಚರಿ

ಮೇಷ್ಟ್ರುಗಳೇಕೆ ಇದನ್ನು ಬದಲಿಸುವುದಿಲ್ಲ ಅಂತ ಕೇಳುವ ಮುಂಚೆ ಅವರ ದಿನ ಹೇಗಿರುತ್ತದೆ ನೋಡಿ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂ.ಟೆಕ್ ಬೇಕು, ಮೇಲೇರಲು ಪಿಎಚ್‌ಡಿ ಬೇಕು, ಪೇಪರ್ ಪ್ರಕಟಿಸಬೇಕು. ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದೆ ಅಂದರೆ ಬಡ್ತಿಯ ಲೆಕ್ಕದಲ್ಲಿ ಅದಕ್ಕೆ ಸಿಗುವ ಬೆಲೆ ಕಡಿಮೆ. ತಾಂತ್ರಿಕ ಶಿಕ್ಷಣದ ನಿಯಮ ಮಾಡುವ ಎಐಸಿಟಿಇ 2018ರಲ್ಲಿ ಮೇಷ್ಟ್ರು–ವಿದ್ಯಾರ್ಥಿಗಳ ಅನುಪಾತವನ್ನು 1:15ರಿಂದ 1:20ಕ್ಕೆ ಸಡಿಲಿಸಿತು. 2024–25ರಿಂದ, ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನೂ ತೆಗೆಯಿತು. ಎಲ್ಲರಿಗೂ ಬೇಕಿರುವುದು ಕಂಪ್ಯೂಟರ್ ಸೈನ್ಸ್. ಸೀಟು ಏರಿದಷ್ಟು ವೇಗವಾಗಿ ಒಳ್ಳೆಯ ಮೇಷ್ಟ್ರುಗಳು ಎಲ್ಲಿಂದ ಬರಬೇಕು?

ಇದರ ಮೇಲೆ ಕಾಗದದ ಕೆಲಸ. ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಕಾಯಂ ಸದಸ್ಯನಾಯಿತು. ನಮ್ಮ ಡಿಗ್ರಿಗೆ ಹೊರದೇಶದಲ್ಲೂ ಮಾನ್ಯತೆ ಸಿಗಲಿ ಅನ್ನುವ ಒಳ್ಳೆಯ ಉದ್ದೇಶ. ಇದಕ್ಕಾಗಿ ಕೋರ್ಸುಗಳನ್ನು ಪರಿಶೀಲಿಸುವ ಎನ್‌ಬಿಎ ಸಂಸ್ಥೆಯ ಮಾನ್ಯತೆಗೆ ಪ್ರತಿ ವಿಷಯಕ್ಕೂ ‘ಕೋರ್ಸ್ ಔಟ್‌ಕಮ್’ ಬರೆದು, ಅದನ್ನು ‘ಪ್ರೋಗ್ರಾಂ ಔಟ್‌ಕಮ್’ಗಳ, ಅಂದರೆ ಡಿಗ್ರಿ ಮುಗಿಸಿದವರಿಗೆ ಬರಬೇಕಾದ ಸಾಮರ್ಥ್ಯಗಳ, ಜೊತೆ ಜೋಡಿಸಿ, ಪ್ರತಿ ವಿದ್ಯಾರ್ಥಿಯ ಪ್ರತಿ ಅಂಕದಿಂದ ಶೇಕಡಾವಾರು ತೆಗೆದು ಫೈಲ್ ಮಾಡಬೇಕು. ಸ್ಟಾಫ್ ರೂಮಿನಲ್ಲಿ ಸಿಒ–ಪಿಒ (ಈ ಎರಡು ಔಟ್‌ಕಮ್‌ಗಳ ಜೋಡಣೆ) ಅಂದರೆ ಎಲ್ಲರ ಮುಖ ಬಾಡುತ್ತದೆ. ಆ ಸಾಮರ್ಥ್ಯಗಳ ಪಟ್ಟಿಯಲ್ಲಿ ತಂಡದಲ್ಲಿ ಕೆಲಸ ಮಾಡುವುದು, ಸ್ಪಷ್ಟವಾಗಿ ಮಾತಾಡುವುದು ಎರಡೂ ಇವೆ. ಆದರೆ ಅವನ್ನು ಕಲಿಸಬೇಕಾದ ಸಮಯ ಎಕ್ಸೆಲ್ ಶೀಟ್ ತುಂಬುವುದಕ್ಕೇ ಹೋಗುತ್ತದೆ. ಇಷ್ಟರ ನಡುವೆಯೂ ಸಂಜೆ ಲ್ಯಾಬ್ ತೆರೆದಿಟ್ಟು ಮಕ್ಕಳ ಜೊತೆ ಕೂರುವ ಮೇಷ್ಟ್ರುಗಳಿದ್ದಾರೆ. ಅವರಿಗೆ ನಮ್ಮ ಇಂಡಸ್ಟ್ರಿ ಋಣಿಯಾಗಿರಬೇಕು.

ಇನ್ನು ಕಂಪನಿಗಳ ಪಾಲು. ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ದೊಡ್ಡ ಸರ್ವಿಸ್ ಕಂಪನಿಗಳು ವರ್ಷಗಟ್ಟಲೆ ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ಸಾಫ್ಟ್‌ವೇರ್ ಕೆಲಸಕ್ಕೆ ತೆಗೆದುಕೊಂಡವು. ಕ್ಯಾಂಪಸ್ಸಿನಲ್ಲಿ ಆಪ್ಟಿಟ್ಯೂಡ್ ಟೆಸ್ಟ್, ಒಂದು ಎಚ್‌ಆರ್ ರೌಂಡ್, ಆಮೇಲೆ ತಾವೇ ಕಲಿಸುತ್ತಿದ್ದರು. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ ಇದಕ್ಕೆಂದೇ ಕಟ್ಟಿದ ಊರು. ಸಾವಿರಾರು ಹೊಸಬರು ಅಲ್ಲಿ ತಿಂಗಳುಗಟ್ಟಲೆ ಉಳಿದು ತರಬೇತಿ ಪಡೆದರು. ಅದು ಎಷ್ಟೋ ಮನೆಗಳ ಬದುಕು ಬದಲಿಸಿತು. ಆದರೆ ಇದರಿಂದ ಕಾಲೇಜುಗಳಿಗೆ ಒಂದು ಸಂದೇಶ ಹೋಯಿತು: ನೀವು ಏನು ಕಲಿಸುತ್ತೀರಿ ಅನ್ನುವುದು ನಮಗೆ ಮುಖ್ಯವಲ್ಲ, ಚುರುಕಾದ ಮಕ್ಕಳನ್ನು ಒಟ್ಟುಮಾಡಿ ಕೊಡಿ ಸಾಕು. ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿಸಿದ ಕಾಲೇಜಿಗೂ ಕಲಿಸದ ಕಾಲೇಜಿಗೂ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ತಮ್ಮದೇ ಸಾಫ್ಟ್‌ವೇರ್ ಮಾಡುವ ಪ್ರಾಡಕ್ಟ್ ಕಂಪನಿಗಳು, ವಿದೇಶಿ ಕಂಪನಿಗಳ ಬೆಂಗಳೂರು ಸೆಂಟರ್‌ಗಳು ಸೇರಿದ ಮೊದಲ ವಾರವೇ ಕೆಲಸ ಮಾಡುವವರು ಬೇಕು ಅನ್ನುತ್ತಿವೆ. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಈಗ ಒಮ್ಮೆಲೇ ಕೇಳುತ್ತಾ, ಕಾಲೇಜನ್ನು ಮಾತ್ರ ದೂರುವುದು ನ್ಯಾಯವಲ್ಲ.

ಅದೇ ಲ್ಯಾಬ್, ಬೇರೆ ಪ್ರಶ್ನೆ

ಹೊಸ ಕೋರ್ಸ್ ಬೇಡ, ಹೊಸ ಬಿಲ್ಡಿಂಗ್ ಬೇಡ. ಇರುವ ಲ್ಯಾಬ್ ಗಂಟೆಯಲ್ಲೇ ಎಷ್ಟು ಮಾಡಬಹುದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಹೇಳುತ್ತೇನೆ. ‘ಸ್ಟ್ರಿಂಗ್ ತಿರುಗಿಸುವ ಪ್ರೋಗ್ರಾಂ’ ಎಲ್ಲರೂ ಬರೆದಿರುತ್ತಾರೆ. ಇಂಗ್ಲಿಷ್ ಪದ ಕೊಟ್ಟರೆ ಕೊನೆಯ ಅಕ್ಷರ ಮೊದಲು ಬರುತ್ತದೆ. ಔಟ್‌ಪುಟ್ ಬಂತು, ಸಹಿ ಬಿತ್ತು, ಮುಗಿಯಿತು.

ಈಗ ಅದಕ್ಕೆ ‘ಕನ್ನಡ’ ಅಂತ ಕೊಡಿ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕಸ ಉಗುಳುತ್ತದೆ. ಯಾಕೆ? ಉದ್ದ ಎಷ್ಟು ಅಂತ ಕೇಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಕ, ನ್ನ, ಡ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ, ಯಾಕೆಂದರೆ ‘ನ್ನ’ ಅಂದರೆ ನ, ಒತ್ತಕ್ಷರ ಜೋಡಿಸುವ ‘ವಿರಾಮ’ ಚಿಹ್ನೆ, ಮತ್ತೊಂದು ನ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಹಾಗಾಗಿ ಸಿ ಕೊಡುವ ಉತ್ತರ 15. ಒಂದೇ ಪದಕ್ಕೆ 3, 5, 15 ಅಂತ ಮೂರು ಉತ್ತರ, ಮೂರೂ ಸರಿ. ಪೈಥಾನಿನಲ್ಲಿ ‘ವಿಜಯ’ ತಿರುಗಿಸಿ ನೋಡಿ, ‘ಯಜಿವ’ ಬರುತ್ತದೆ. ವ ಮೇಲಿದ್ದ ಗುಡಿಸು ಜ ಮೇಲೆ ಹೋಗಿ ಕೂತಿದೆ. ಕ್ಲಾಸಿನಲ್ಲಿ ಇದನ್ನು ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಅವರದೇ ಹೆಸರನ್ನು ಹಾಕಿ ನೋಡಲು ಶುರುಮಾಡುತ್ತಾರೆ. ಬೈಟ್, ಎನ್‌ಕೋಡಿಂಗ್, ಬಳಕೆದಾರ ಅಂದುಕೊಳ್ಳುವುದಕ್ಕೂ ಯಂತ್ರ ಅಂದುಕೊಳ್ಳುವುದಕ್ಕೂ ಇರುವ ಅಂತರ, ಎಲ್ಲವೂ ಒಂದೇ ಲ್ಯಾಬಿನಲ್ಲಿ ಬಂದುಹೋಗುತ್ತವೆ. ಬಿಲ್ಲಿನ ತಾರೀಕಿನ ಸಮಸ್ಯೆಯೂ ಇದೇ ಜಾತಿಯದ್ದು.

ಪರೀಕ್ಷೆಯನ್ನೂ ಬದಲಿಸಬಹುದು. ಚೀಟಿಯಲ್ಲಿ ‘ಸ್ಟ್ಯಾಕ್ ಬರೆಯಿರಿ’ ಅನ್ನುವ ಬದಲು, ಐನೂರು ಸಾಲಿನ ಓಡುವ ಪ್ರೋಗ್ರಾಂ ಒಂದನ್ನು ಕೊಟ್ಟು ‘ಇದರಲ್ಲಿ ಎರಡು ತಪ್ಪು ಇವೆ, ಹುಡುಕಿ, ಸರಿಮಾಡಿ, ಯಾಕೆ ತಪ್ಪು ಅಂತ ಹೇಳಿ’ ಅನ್ನಬಹುದು. ಇದಕ್ಕೆ ಬಾಯಿಪಾಠ ನಡೆಯುವುದಿಲ್ಲ. ಪ್ರತಿ ಬ್ಯಾಚಿಗೆ ಬೇರೆ ತಪ್ಪು ಇಡುವುದೂ ಸುಲಭ. ಮಿನಿ ಪ್ರಾಜೆಕ್ಟ್‌ಗಳನ್ನು ಪ್ರತಿ ವರ್ಷ ಹೊಸದಾಗಿ ಶುರುಮಾಡುವ ಬದಲು ಸೀನಿಯರ್‌ಗಳ ಪ್ರಾಜೆಕ್ಟ್ ಅನ್ನು ಜೂನಿಯರ್‌ಗಳು ಮುಂದುವರಿಸಲಿ. ಕಾಲೇಜಿನ ಲೈಬ್ರರಿಗೋ ಹಾಸ್ಟೆಲ್ ಮೆಸ್ಸಿಗೋ ಬೇಕಾದ ಒಂದು ಚಿಕ್ಕ ಸಾಫ್ಟ್‌ವೇರ್ ನಾಲ್ಕು ಬ್ಯಾಚ್ ಕೈ ದಾಟಿ ಬಂದರೆ, ಕಾಮೆಂಟ್ ಬರೆಯದ ಸೀನಿಯರ್ ಮೇಲೆ ಜೂನಿಯರ್‌ಗೆ ಬರುವ ಸಿಟ್ಟೇ ಅರ್ಧ ಪಾಠ ಕಲಿಸುತ್ತದೆ. ‘ಐಇಇಇ ಪ್ರಾಜೆಕ್ಟ್’ ಅಂತ ಬೋರ್ಡ್ ಹಾಕಿಕೊಂಡು ರೆಡಿಮೇಡ್ ಫೈನಲ್ ಇಯರ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿಗೂ ಆಗ ವ್ಯಾಪಾರ ಕಡಿಮೆಯಾಗುತ್ತದೆ.

ಹೊರಗಿನ ಮಾದರಿಗಳೂ ಇವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಿಂದಲೇ ಓದು ಮತ್ತು ಕೆಲಸವನ್ನು ಕೆಲವು ತಿಂಗಳ ಪಾಳಿಯಲ್ಲಿ ನಡೆಸುತ್ತಿದೆ. ಕಂಪನಿಯಲ್ಲಿ ಎಡವಿದ ಹುಡುಗಿ ವಾಪಸ್ ಕ್ಲಾಸಿಗೆ ಬಂದಾಗ ಅದೇ ಪಾಠ ಬೇರೆಯಾಗಿ ಕೇಳಿಸುತ್ತದೆ. ನಮ್ಮಲ್ಲೂ 2022ರ ಸ್ಕೀಮ್ ಕೊನೆಯ ವರ್ಷ ಹೆಚ್ಚುಕಡಿಮೆ ಒಂದು ಸೆಮಿಸ್ಟರ್‌ನಷ್ಟು ಇಂಟರ್ನ್‌ಶಿಪ್‌ಗೆ ಜಾಗ ಕೊಟ್ಟಿದೆ. ಆದರೆ ಕೊನೆಯಲ್ಲಿ ಬಂದರೆ ವಾಪಸ್ ಬರಲು ಕ್ಲಾಸ್ ಉಳಿದಿರುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಕಮಾಂಡ್ ಲೈನ್, ಗಿಟ್, ಡೀಬಗ್ ಮಾಡುವುದು (ತಪ್ಪು ಹುಡುಕಿ ತೆಗೆಯುವುದು) ಇಂಥದ್ದನ್ನು ಯಾವ ಕೋರ್ಸೂ ಕಲಿಸುತ್ತಿಲ್ಲ ಅಂತ ಅಲ್ಲಿನ ವಿದ್ಯಾರ್ಥಿಗಳೇ 2020ರಲ್ಲಿ ರಜೆಯ ದಿನಗಳಲ್ಲಿ ತರಗತಿ ನಡೆಸಿ, ಎಲ್ಲರಿಗೂ ಉಚಿತವಾಗಿ ನೆಟ್ಟಿನಲ್ಲಿ ಹಾಕಿದರು. ಎಂಐಟಿಯಲ್ಲೇ ಈ ಕೊರತೆ ಇತ್ತು ಅಂದರೆ ತುಮಕೂರಿನ ಕಾಲೇಜು ನಾಚಿಕೊಳ್ಳಬೇಕಿಲ್ಲ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ನಿಯಮ ತಂದಿದೆ. ಪಿಎಚ್‌ಡಿ ಇಲ್ಲದಿದ್ದರೂ 15 ವರ್ಷದ ಅನುಭವ ಇರುವವರು ಪಾಠ ಮಾಡಬಹುದು. ಒಳ್ಳೆಯ ಬಾಗಿಲು ತೆರೆದಿದೆ. ಆದರೆ ನನಗೆ ಇದರ ಉಲ್ಟಾ ದಾರಿ ಇನ್ನೂ ಮುಖ್ಯ ಅನಿಸುತ್ತದೆ. ಒಬ್ಬ ಮೇಷ್ಟ್ರು ಆರು ತಿಂಗಳು ಸಂಬಳ ಸಮೇತ ಒಂದು ತಂಡದಲ್ಲಿ ಕೂತು ಕೆಲಸ ಮಾಡಿ ವಾಪಸ್ ಹೋದರೆ, ಅವರು ಮುಂದಿನ ಇಪ್ಪತ್ತು ವರ್ಷ ಎಷ್ಟು ಮಕ್ಕಳಿಗೆ ಪಾಠ ಮಾಡುತ್ತಾರೆ ಯೋಚಿಸಿ. ಬೆಂಗಳೂರಿನ ಕಂಪನಿಗಳಿಗೆ ಇದು ದೊಡ್ಡ ಖರ್ಚೇನಲ್ಲ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇದೆಲ್ಲ ಇನ್ನೂ ತುರ್ತಾಗಿದೆ. ಲ್ಯಾಬ್ ಪಟ್ಟಿಯ ಅಷ್ಟೂ ಪ್ರೋಗ್ರಾಂಗಳನ್ನು ಎಐ ಕ್ಷಣದಲ್ಲಿ ಬರೆದು ಕೊಡುತ್ತದೆ. ಬರೆದದ್ದು ಸರಿಯಿದೆಯಾ, ನಮ್ಮ ಜಾಗಕ್ಕೆ ಹೊಂದುತ್ತದೆಯಾ ಅಂತ ಓದಿ ಹೇಳುವವರು ಬೇಕು. ಬೇರೆಯವರ ಕೋಡ್ ಓದುವುದೇ ಈಗ ಕೆಲಸದ ದೊಡ್ಡ ಪಾಲು, ಅದನ್ನು ಬರೆದದ್ದು ಮನುಷ್ಯನೋ ಯಂತ್ರವೋ ಅನ್ನುವುದು ಬೇರೆ ಮಾತು.

ಕೊನೆಯದಾಗಿ, ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಮೈಕ್ರೋಸಾಫ್ಟ್‌ನ ಆ ಹೊಸಬರಿಗೇ ಸಹಾಯ ಕೇಳುವುದು ಕಷ್ಟವಾಗಿತ್ತು. ಇಂಗ್ಲಿಷಿನಲ್ಲಿ ಕೇಳಬೇಕು ಅಂದಾಗ ನಮ್ಮ ಹುಡುಗರಿಗೆ ಅದು ಎರಡು ಪಟ್ಟು ಕಷ್ಟ. ತಪ್ಪು ಇಂಗ್ಲಿಷ್ ಆಡಿದರೆ ನಗುತ್ತಾರೇನೋ ಅಂತ ಎರಡು ದಿನ ಸುಮ್ಮನೆ ಕೂತವರನ್ನು ನೋಡಿದ್ದೇನೆ. ‘ಇದು ಮಾಡಿದೆ, ಹೀಗಾಗುತ್ತೆ ಅಂದುಕೊಂಡೆ, ಹಾಗಾಯಿತು’ ಅಂತ ಮೂರು ಸಾಲು ಬರೆದು ಕಳಿಸಿ. ವ್ಯಾಕರಣ ಯಾರೂ ನೋಡುವುದಿಲ್ಲ. ಪಕ್ಕದಲ್ಲಿ ಕನ್ನಡದವರಿದ್ದರೆ ಕನ್ನಡದಲ್ಲೇ ಕೇಳಿ.

ಇಂಟರ್‌ವ್ಯೂನಲ್ಲಿ ಹೊಸಬರಿಗೆ ನಾನು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: ‘ನೀವು ಬರೆಯದ ಕೋಡ್ ಯಾವುದನ್ನಾದರೂ ಓಡಿಸಲು ಹೋಗಿ ಸಿಕ್ಕಿಹಾಕಿಕೊಂಡಿದ್ದೀರಾ? ಏನಾಯಿತು ಹೇಳಿ.’ ಸೀನಿಯರ್ ಪ್ರಾಜೆಕ್ಟ್ ಇನ್‌ಸ್ಟಾಲ್ ಮಾಡಲು ಹೋಗಿ ಲೈಬ್ರರಿಯ ವರ್ಷನ್ ಹೊಂದದೆ ಒದ್ದಾಡಿದ್ದು, ಕೊನೆಗೆ ಯಾವ ಫೈಲಿನಲ್ಲಿ ಏನು ಬದಲಿಸಿದ್ದು, ಇಷ್ಟು ಹೇಳಿದರೂ ಸಾಕು. ಈ ಸೆಮಿಸ್ಟರಿನಲ್ಲೇ ಇದನ್ನು ಮಾಡಬಹುದು. ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿ ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ರಿಪೋರ್ಟ್‌ಗಳು ಸಿಡಿ ಸಮೇತ ಸಾಲಾಗಿ ಕೂತಿರುತ್ತವೆ. ಗೆಳತಿಯನ್ನೋ ಗೆಳೆಯನನ್ನೋ ಜೊತೆಗೆ ಕರೆದುಕೊಂಡು, ಲ್ಯಾಬ್ ಇನ್‌ಚಾರ್ಜ್ ಮೇಡಂ ಅವರನ್ನು ಕೇಳಿ ಒಂದನ್ನು ಇಸಿದುಕೊಳ್ಳಿ. ಮೊದಲು ಅದು ಓಡಲಿ. ಆಮೇಲೆ ಅದರಲ್ಲಿ ಏನಾದರೂ ಒಂದನ್ನು ಇಬ್ಬರೂ ಸೇರಿ ಬದಲಿಸಿ.